ಪಾರ್ನೆಲ್ಲನೂ ಅವನ ಕವಿಗಳೂ

ಕೆಲವು ತಿಂಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಒಂದು ಶೋಕಸಭೆ ನಡೆಯಿತು. ಬಹಳ ಕಾಲ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅವರ ಜೊತೆಯಲ್ಲೇ ಕೆಲಸ ಮಾಡಿದ್ದ ಗೆಳೆಯರೊಬ್ಬರು ಎದ್ದು, ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು, ತಾವೇ ಬರೆದ ಚರಮಪದ್ಯವನ್ನು ಓದಿದರು. ಭಾಮಿನಿ ಷಟ್ಪದಿಯ ಪ್ರಯತ್ನ. ಮೂರನೆಯ ಸಾಲಿನಲ್ಲಿ ಎರಡು ಮಾತ್ರೆ ಕಡಿಮೆ. ಎರಡನೆಯ ಪದ್ಯದಲ್ಲಿ ಪ್ರಾಸ ಕೈಕೊಟ್ಟಿತ್ತು. ನಂದದ ದೀಪ, ಧ್ರುವತಾರೆ ಮೊದಲಾದ ಸವೆದ ನಾಣ್ಯಗಳೆಲ್ಲ ಅಲ್ಲಿದ್ದವು. ಇಪ್ಪತ್ತು ವರ್ಷದಿಂದ ಛಂದಸ್ಸಿನ ಪಾಠ ಹೇಳಿದ ಅಭ್ಯಾಸಬಲದಿಂದ ನಾನು ಬೆರಳು ಮಡಿಸಿ ಮಾತ್ರೆ ಎಣಿಸುತ್ತಿದ್ದೆ. ಎಣಿಸುತ್ತಿರುವಾಗಲೇ ಕಣ್ಣು ಮಂಜಾಯಿತು. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅದು ಕಣ್ಣೀರಿಗಾಗಿಯೋ, ಮಾತ್ರೆ ಎಣಿಸಿದ್ದಕ್ಕಾಗಿಯೋ ಈಗಲೂ ಹೇಳಲಾರೆ.

ಅಂದು ರಾತ್ರಿ ನಾನು ಕಪಾಟಿನಿಂದ ತೆಗೆದದ್ದು ಜೇಮ್ಸ್ ಜಾಯ್ಸನ ‘ಡಬ್ಲಿನರ್ಸ್’. 1914ರಲ್ಲಿ ಹೊರಬಂದ ಈ ಸಂಗ್ರಹದಲ್ಲಿ ‘ಐವಿ ಡೇ ಇನ್ ದ ಕಮಿಟಿ ರೂಮ್’ ಎಂಬ ಕತೆಯೊಂದಿದೆ. ಅದರಲ್ಲಿಯೂ ಹೀಗೆಯೇ ಒಬ್ಬನು ಎದ್ದು ನಿಂತು ಸತ್ತವನ ಮೇಲೆ ಸಾಧಾರಣವಾದ ಪದ್ಯವೊಂದನ್ನು ಹೇಳುತ್ತಾನೆ. ಸತ್ತವನು ಚಾರ್ಲ್ಸ್ ಸ್ಟೂಅರ್ಟ್ ಪಾರ್ನೆಲ್.

ಇವನಾರೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. 1846ರಲ್ಲಿ ವಿಕ್ಲೋ ಸೀಮೆಯ ಆವನ್‌ಡೇಲ್ ಎಂಬಲ್ಲಿ ಹುಟ್ಟಿದ ಜಮೀನ್ದಾರ. ಕ್ಯಾಥೊಲಿಕ್ ರೈತರ ನಾಡಿನಲ್ಲಿ ಪ್ರಾಟೆಸ್ಟಂಟ್. ಕೇಂಬ್ರಿಜ್‌ಗೆ ಹೋಗಿ ಪದವಿಯಿಲ್ಲದೆ ಹಿಂದಿರುಗಿದವನು. ತಾಯಿ ಅಮೆರಿಕದ ನೌಕಾಪಡೆಯ ದಳಪತಿಯೊಬ್ಬನ ಮಗಳು. 1875ರಲ್ಲಿ ಪಾರ್ಲಿಮೆಂಟಿಗೆ ಬಂದಾಗ ಅವನಿಗೆ ನೆಟ್ಟಗೆ ಭಾಷಣ ಮಾಡಲೂ ಬರುತ್ತಿರಲಿಲ್ಲ. ಐದು ವರ್ಷ ಕಳೆಯುವುದರೊಳಗೆ ಅವನೇ ಐರಿಷ್ ಪಕ್ಷದ ನಾಯಕ. ಇದು ಹೇಗಾಯಿತೆಂದರೆ, ಒಂದಕ್ಕೊಂದು ಆಗದವರನ್ನೆಲ್ಲ ಒಂದೇ ನೊಗಕ್ಕೆ ಕಟ್ಟುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಜೈಲು ಕಂಡು ಬಂದ ಮೈಕೆಲ್ ಡ್ಯಾವಿಟ್ 1879ರಲ್ಲಿ ಲ್ಯಾಂಡ್ ಲೀಗ್ ಕಟ್ಟಿದಾಗ ಈ ಜಮೀನ್ದಾರನೇ ರೈತರ ಸಂಘದ ಅಧ್ಯಕ್ಷನಾದ. ಅಮೆರಿಕದಲ್ಲಿದ್ದ ಗುಪ್ತ ಕ್ರಾಂತಿಕಾರಿಗಳು ಅವನನ್ನು ತಮ್ಮವನೆಂದರು. ಮುಂದೆ ಬಿಷಪ್ಪರೂ ತಮ್ಮವನೆಂದರು. ಕಡೆಗೆ ಗ್ಲಾಡ್‌ಸ್ಟನ್ನನೂ ತನ್ನವನೆಂದ. ಪಾರ್ನೆಲ್ ಮಾತ್ರ ತಾನು ಯಾರವನೆಂದು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ.

1885ರ ಚುನಾವಣೆಯ ಲೆಕ್ಕ ನೋಡಿ: ಲಿಬರಲರು 335, ಕನ್ಸರ್ವೇಟಿವರು 249, ಪಾರ್ನೆಲ್ಲನ ಕಡೆಯವರು 86. ಎರಡು ದೊಡ್ಡ ಪಕ್ಷಗಳ ನಡುವಣ ಅಂತರವೂ ಸರಿಯಾಗಿ 86! ತಕ್ಕಡಿಯ ಮುಳ್ಳು ಒಬ್ಬನ ಕೈಯಲ್ಲಿರುವುದೆಂದರೆ ಇದೇ. ಮರುವರ್ಷ ಗ್ಲಾಡ್‌ಸ್ಟನ್ ಹೋಂರೂಲ್ ಮಸೂದೆ ತಂದ. ಅವನ ಪಕ್ಷದವರೇ ಕೈಬಿಟ್ಟಿದ್ದರಿಂದ ಅದು 30 ಮತಗಳಿಂದ ಬಿದ್ದುಹೋಯಿತು. ಆದರೂ ‘ಹೋಂರೂಲ್’ ಎಂಬ ಮಾತು ಬದುಕಿಕೊಂಡಿತು. 1916ರಲ್ಲಿ ಅನಿ ಬೆಸೆಂಟರು ಅದೇ ಹೆಸರಿನಲ್ಲಿ ಇಲ್ಲಿ ಲೀಗ್ ಕಟ್ಟಿದರು. ನಮ್ಮ ಪತ್ರಿಕೆಗಳು ದಿನಬೆಳಗಾದರೆ ಬಳಸುವ ‘ಬಾಯ್ಕಾಟ್’ ಕೂಡ ಪಾರ್ನೆಲ್ಲನ ಕಾಲದ ಐರ್ಲೆಂಡಿನ ಸರಕೇ. ಒಕ್ಕಲೆಬ್ಬಿಸಿದ ರೈತನ ಜಮೀನನ್ನು ಹಿಡಿದವನನ್ನು ಸಂತೆಯಲ್ಲಿ, ಅಂಗಡಿಯಲ್ಲಿ, ದೇವರ ಮನೆಯಲ್ಲಿ ಕೂಡ ಮಾತನಾಡಿಸಬೇಡಿರಿ ಎಂದು ಪಾರ್ನೆಲ್ 1880ರ ಸೆಪ್ಟೆಂಬರಿನಲ್ಲಿ ಎನಿಸ್ ಊರಿನ ಸಭೆಯಲ್ಲಿ ಬೋಧಿಸಿದ. ಅದರ ಬಿಸಿ ತಗುಲಿದ ಮೇಯೋ ಸೀಮೆಯ ಜಮೀನ್ದಾರಿಯ ಏಜೆಂಟನ ಹೆಸರು ಕ್ಯಾಪ್ಟನ್ ಬಾಯ್ಕಾಟ್.

ಇನ್ನು ಪತನ. ಕ್ಯಾಪ್ಟನ್ ಓಷೇ ಎಂಬ ಪಾರ್ಲಿಮೆಂಟ್ ಸದಸ್ಯನ ಹೆಂಡತಿ ಕ್ಯಾಥರೀನಳೊಡನೆ ಪಾರ್ನೆಲ್ 1880ರಿಂದ ಸಂಬಂಧವಿಟ್ಟುಕೊಂಡಿದ್ದ. ಅವರಿಗೆ ಮಕ್ಕಳೂ ಆಗಿದ್ದವು. 1889ರ ಕ್ರಿಸ್‌ಮಸ್‌ನ ಹಿಂದಿನ ದಿನ ಓಷೇ ವಿಚ್ಛೇದನದ ದಾವೆ ಹೂಡಿದ. 1890ರ ನವೆಂಬರಿನಲ್ಲಿ ತೀರ್ಪಾಯಿತು. ಗ್ಲಾಡ್‌ಸ್ಟನ್ ಹಿಂದೆ ಸರಿದ. ಬಿಷಪ್ಪರು ಎದುರು ನಿಂತರು. ಪಾರ್ಲಿಮೆಂಟಿನ ಹದಿನೈದನೆಯ ನಂಬರಿನ ಕಮಿಟಿ ಕೊಠಡಿಯಲ್ಲಿ ದಿನಗಟ್ಟಲೆ ಜಗಳವಾಗಿ, ಡಿಸೆಂಬರ್ 6ರಂದು ಪಕ್ಷದ ಬಹುಪಾಲು ಜನ ಎದ್ದು ಹೊರಟುಹೋದರು. ನಂಟು ಬಹಿರಂಗವಾದ ಮೇಲೆ ನಡೆದ ಮೂರು ಉಪಚುನಾವಣೆಗಳಲ್ಲಿಯೂ ಅವನ ಅಭ್ಯರ್ಥಿಗಳು ಸೋತರು. ಮೊದಲನೆಯದರಲ್ಲಿ, ಕಿಲ್ಕೆನಿ ಸೀಮೆಯಲ್ಲಿ, ಯಾರೋ ಅವನ ಕಣ್ಣಿಗೆ ಸುಣ್ಣ ಎರಚಿದರು. 1891ರ ಜೂನಿನಲ್ಲಿ ಕ್ಯಾಥರೀನಳನ್ನು ಮದುವೆಯಾದ. ಅಕ್ಟೋಬರ್ 6ರಂದು ತೀರಿಕೊಂಡ. ವಯಸ್ಸು 45. ಬಹಿಷ್ಕಾರದ ಪಾಠ ಹೇಳಿಕೊಟ್ಟವನೇ ಬಹಿಷ್ಕೃತನಾಗಿ ಸತ್ತ. ಇಷ್ಟು ಕಣ್ಣಿಗೆ ಕಟ್ಟುವ ವಿಪರ್ಯಾಸವನ್ನು ಅವನ ಮೇಲೆ ಹಾಡಿದ ಕವಿಗಳು ಏಕೆ ಕೈಗೆತ್ತಿಕೊಳ್ಳಲಿಲ್ಲವೋ ಕಾಣೆ.

ಕವಿಗಳಲ್ಲಿ ಮೊದಲು ಹೇಳಬೇಕಾದವನು ಯೇಟ್ಸ್. ಹೆಣವನ್ನು ಹೊತ್ತು ಬಂದ ಹಡಗನ್ನು ಅವನು ಬೆಳಗಿನ ಜಾವ ಬಂದರಿನಲ್ಲಿ ಕಂಡವನು. ಹಾಗೆಂದು ಪಾರ್ನೆಲ್ಲನಿಗಾಗಿ ಹೋಗಿದ್ದನೆಂದು ತಿಳಿಯಬಾರದು. ಅದೇ ಹಡಗಿನಲ್ಲಿ ಬರುತ್ತಿದ್ದ ಮಾಡ್ ಗಾನ್‌ಳನ್ನು ಎದುರುಗೊಳ್ಳಲು ಹೋಗಿದ್ದ. ಹೇಗೂ ಇರಲಿ, ಆ ವಾರವೇ ಒಂದು ಪದ್ಯ ಬರೆದು ಅಚ್ಚಿಗೆ ಕೊಟ್ಟ. ಅದು ದುರ್ಬಲವಾದ ಪದ್ಯ. ಮುಂದೆ ಅವನೇ ಅದನ್ನು ತನ್ನ ಸಂಗ್ರಹಗಳಿಂದ ದೂರವಿಟ್ಟ. ಆಮೇಲೆ ನಲವತ್ತೈದು ವರ್ಷ ಪಾರ್ನೆಲ್ ಅವನನ್ನು ಬಿಡಲಿಲ್ಲ. 1913ರ ಸುಮಾರಿಗೆ ಬರೆದ ‘ಟು ಎ ಶೇಡ್’ನಲ್ಲಿ ಪಾರ್ನೆಲ್ಲನ ಪ್ರೇತ ಊರು ನೋಡಲು ಬರುತ್ತದೆ, ನಿನ್ನ ಜನ ಬದಲಾಗಿಲ್ಲ, ಗೋರಿಗೇ ಹಿಂದಿರುಗು ಎಂದು ಕವಿ ಅದಕ್ಕೆ ಹೇಳಿ ಕಳಿಸುತ್ತಾನೆ. 1930ರ ದಶಕದಲ್ಲಿ ಪಾರ್ನೆಲ್ ಅವನ ಪಾಲಿಗೆ ಬಲಿಪಶುವೂ ದೇವರೂ ಆದ. 1923ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗ ಮಾಡಿದ ಉಪನ್ಯಾಸದಲ್ಲಂತೂ, ಆಧುನಿಕ ಐರಿಷ್ ಸಾಹಿತ್ಯವೇ ಪಾರ್ನೆಲ್ಲನ ಪತನದಿಂದ ಆರಂಭವಾಯಿತೆಂದು ಸಾರಿದ. ರಾಜಕಾರಣದಿಂದ ಬೇಸತ್ತ ಜನರ ಚೈತನ್ಯ ಸಾಹಿತ್ಯದ ಕಡೆಗೆ ಹರಿಯಿತೆಂಬುದು ಅವನ ವಾದ.

ಈ ಮಾತನ್ನು ನಾನೂ ಬಹಳ ಕಾಲ ತರಗತಿಯಲ್ಲಿ ಗಿಣಿಪಾಠದಂತೆ ಹೇಳಿದ್ದೇನೆ. ತಾರೀಖು ಹಿಡಿದು ನೋಡಿದರೆ ನಿಲ್ಲುವ ಮಾತಲ್ಲ. ಗೇಲಿಕ್ ಆಟಗಳ ಸಂಘ ಹುಟ್ಟಿದ್ದು 1884ರಲ್ಲಿ, ಪಾರ್ನೆಲ್ ಉಚ್ಛ್ರಾಯದಲ್ಲಿದ್ದಾಗ. ಯೇಟ್ಸನದೇ ‘ಆಶಿನ್’ ಕಥನಕಾವ್ಯ ಬಂದದ್ದು 1889ರಲ್ಲಿ, ತೀರ್ಪಿಗಿಂತ ಮುಂಚೆ. ಕವಿ ತನ್ನ ಹುಟ್ಟಿಗೊಂದು ಒಳ್ಳೆಯ ಜಾತಕ ಬರೆಸಿಕೊಂಡಿದ್ದಾನೆ, ಅಷ್ಟೆ. ಆದರೂ ಆ ಸಾಹಿತ್ಯದ ಅಲೆ ದೂರದೂರಕ್ಕೆ ಮುಟ್ಟಿದ್ದು ನಿಜ. ಆ ಬಳಗದಲ್ಲಿ ಪಳಗಿದ ಜೇಮ್ಸ್ ಕಸಿನ್ಸ್ ಎಂಬ ಕವಿ 1915ರಲ್ಲಿ ಭಾರತಕ್ಕೆ ಬಂದರು; 1924ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಪದ್ಯಗಳನ್ನು ಹಿಡಿದು ಬಂದ ತರುಣ ಪುಟ್ಟಪ್ಪನವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದರು. ಕುವೆಂಪು ಅವರ ಕನ್ನಡಕ್ಕೆ ಪಾರ್ನೆಲ್ ಕಾರಣನೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಯೇಟ್ಸ್ ಮಾಡಿದ ತಪ್ಪೇ ಆದೀತು.

ನನಗೆ ಯೇಟ್ಸನ ಪಾರ್ನೆಲ್ಲನಿಗಿಂತ ಸೆನೆಟಿನ ಯೇಟ್ಸನೇ ಹೆಚ್ಚು ಮೆಚ್ಚು. 1922ರಿಂದ 1928ರವರೆಗೆ ಅವನು ಹೊಸ ರಾಜ್ಯದ ಸೆನೆಟಿನಲ್ಲಿದ್ದ. 1925ರಲ್ಲಿ ವಿಚ್ಛೇದನಕ್ಕೆ ದಾರಿಯೇ ಇಲ್ಲದಂತೆ ಮಾಡಹೊರಟಾಗ ಎದ್ದು ನಿಂತು, ಡಬ್ಲಿನ್ನಿನ ಹೆದ್ದಾರಿಯಲ್ಲಿ ನಿಂತ ಮೂವರ ಪ್ರತಿಮೆಗಳನ್ನು ನೆನಪಿಸಿದ: ಓಕಾನೆಲ್, ನೆಲ್ಸನ್, ಪಾರ್ನೆಲ್. ಮೂವರ ದಾಂಪತ್ಯವನ್ನೂ ಕೆದಕಿ, ಇವರ ನೆರಳಿನಲ್ಲಿ ನಿಂತು ನೀವು ನೀತಿ ಹೇಳುತ್ತೀರಲ್ಲ ಎಂಬಂತೆ ಸಭೆಯನ್ನು ಚುಚ್ಚಿದ. ಅಂದು ಅವನ ಮಾತು ನಡೆಯಲಿಲ್ಲ. ನೆಲ್ಸನ್ನನ ಕಂಬವನ್ನು 1966ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು; ವಿಚ್ಛೇದನಕ್ಕೆ ಐರಿಷ್ ಮತದಾರರು ಒಪ್ಪಿದ್ದು 1995ರಲ್ಲಿ, ಅದೂ ಕೂದಲೆಳೆಯ ಅಂತರದಲ್ಲಿ.

ಯೇಟ್ಸನ ದೇವರು ಎಷ್ಟು ಚೊಕ್ಕಟ? ಇಲ್ಲಿ ಎರಡು ಸಂಗತಿಗಳನ್ನು ಹೇಳದೆ ವಿಧಿಯಿಲ್ಲ. 1886ರ ಫೆಬ್ರವರಿಯಲ್ಲಿ ಗಾಲ್ವೇ ಕ್ಷೇತ್ರ ತೆರವಾಯಿತು. ಪಕ್ಷದ ಪ್ರತಿಜ್ಞೆಗೆ ಸಹಿ ಹಾಕಲೊಲ್ಲದ ಓಷೇಯನ್ನು ಪಾರ್ನೆಲ್ ಅಲ್ಲಿ ಅಭ್ಯರ್ಥಿಯಾಗಿ ಹೇರಿದ. ಹೀಲಿ, ಬಿಗರ್ ಮೊದಲಾದ ಅನುಯಾಯಿಗಳು ಸಿಡಿದೆದ್ದರು. ಪಾರ್ನೆಲ್ ಸ್ವತಃ ಗಾಲ್ವೇಗೆ ಹೋಗಿ ಅವರ ಬಾಯಿ ಮುಚ್ಚಿಸಿದ. ಗೆದ್ದುಬಂದ ಓಷೇ ಜೂನ್ ತಿಂಗಳಲ್ಲಿ ಹೋಂರೂಲ್ ಮಸೂದೆಗೆ ಮತ ಹಾಕಲಿಲ್ಲ! ನಾಡಿನ ಒಂದು ಸ್ಥಾನವನ್ನು ಮನೆಯ ಗುಟ್ಟಿಗಾಗಿ ತೆತ್ತದ್ದು ಎಂದು ಜನ ಆಡಿಕೊಂಡರೆ ಅವರನ್ನು ಹೇಗೆ ದೂರುವುದು? ಮುಂದೆ ಹೀಲಿ ಅವನನ್ನು ಕಚ್ಚಿದ ಕಚ್ಚುವಿಕೆಗೆ ಬರೀ ಧರ್ಮದ ಕುರುಡು ಕಾರಣವಲ್ಲ. ಗಾಲ್ವೇಯ ಗಾಯವೂ ಇತ್ತು. ಯೇಟ್ಸನ ಲಾವಣಿಯಲ್ಲಿ ಕೆಟ್ಟವನು ಗಂಡ, ಕೆಟ್ಟವರು ಬಿಷಪ್ಪರು. ಗಾಲ್ವೇಯ ಸುದ್ದಿಯೇ ಇಲ್ಲ.

ಎರಡನೆಯದು ಅವನ ತಂಗಿ ಆನಾಳ ಕತೆ. 1881ರಲ್ಲಿ ಗಂಡಸರೆಲ್ಲ ಜೈಲು ಸೇರಿದಾಗ ಮಹಿಳೆಯರ ಲ್ಯಾಂಡ್ ಲೀಗನ್ನು ನಡೆಸಿದವಳು ಆಕೆ. ಒಕ್ಕಲೆಬ್ಬಿಸಿದವರಿಗೆ ಗುಡಿಸಲು ಕಟ್ಟಿಸಿದಳು; ಊರೂರು ತಿರುಗಿದಳು. 1882ರ ಮೇ ತಿಂಗಳಲ್ಲಿ ಅಣ್ಣ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಹೊರಬಂದ. ಆ ಸಂಧಾನಕ್ಕೆ ಓಡಾಡಿದವನೂ ಓಷೇಯೇ ಎಂಬುದನ್ನು ವಾಚಕರು ಗಮನಿಸಬೇಕು. ಹೊರಬಂದವನು ಮಾಡಿದ ಮೊದಲ ಕೆಲಸಗಳಲ್ಲೊಂದು ತಂಗಿಯ ಸಂಘಕ್ಕೆ ಹಣ ತಡೆಹಿಡಿದು ಅದನ್ನು ಮುಚ್ಚಿಸಿದ್ದು. ಆಕೆ ಮತ್ತೆಂದೂ ಅಣ್ಣನೊಡನೆ ಮಾತನಾಡಲಿಲ್ಲ. 1911ರಲ್ಲಿ ಇಂಗ್ಲೆಂಡಿನ ಕಡಲತೀರದಲ್ಲಿ ಮುಳುಗಿ ಸತ್ತಳು. ಆ ಚಳವಳಿಯ ಬಗ್ಗೆ ಬರೆದಿಟ್ಟ ಅವಳ ಪುಸ್ತಕ ‘ದ ಟೇಲ್ ಆಫ್ ಎ ಗ್ರೇಟ್ ಶ್ಯಾಮ್’ ಅಚ್ಚಾದದ್ದು 1986ರಲ್ಲಿ. ಯೇಟ್ಸನ ಪಾರ್ನೆಲ್ ಪದ್ಯಗಳಲ್ಲಿ ಅವಳಿಗೆ ಜಾಗವಿಲ್ಲ. ಲೇಡಿ ಗ್ರೆಗರಿ ಒಂದು ನಾಟಕದಲ್ಲಿ ಪಾರ್ನೆಲ್ಲನನ್ನು ಮೋಸೆಸ್ ಪ್ರವಾದಿಯ ವೇಷದಲ್ಲಿ ತಂದಳು. ಪ್ರವಾದಿಗೆ ತಂಗಿಯ ಮುನಿಸು ಏಕೆ?

ಇದನ್ನೆಲ್ಲ ಓದಿಕೊಂಡ ಮೇಲೆ ಯೇಟ್ಸನ ಪದ್ಯಗಳು ನನಗೆ ತುಸು ಸಪ್ಪೆಯಾದವು. ಜಾಯ್ಸ್ ಮಾತ್ರ ಸಪ್ಪೆಯಾಗಲಿಲ್ಲ. ಏಕೆಂದರೆ ಅವನು ಪಾರ್ನೆಲ್ಲನನ್ನು ಬರೆಯುವ ಗೋಜಿಗೇ ಹೋಗಲಿಲ್ಲ. ಪಾರ್ನೆಲ್ಲನ ಹೆಸರು ಹೇಳಿ ಅಳುವವರನ್ನು ಬರೆದ. ‘ಪೋರ್ಟ್ರೇಟ್’ ಕಾದಂಬರಿಯ ಕ್ರಿಸ್‌ಮಸ್ ಊಟ ಯಾರಿಗೆ ಮರೆತೀತು? ದೊಡ್ಡವರ ಪಂಕ್ತಿಯಲ್ಲಿ ಮೊದಲ ಸಲ ಕುಳಿತ ಹುಡುಗ. ಬಿಷಪ್ಪರ ಪರವಾಗಿ ಕಿರಿಚುವ ಡ್ಯಾಂಟಿ. ಸತ್ತ ನಾಯಕನಿಗಾಗಿ ಬಿಕ್ಕುವ ಕೇಸಿ. ಕೊನೆಗೆ ತಲೆಯೆತ್ತಿ ನೋಡಿದರೆ ಅಪ್ಪನ ಕಣ್ಣಲ್ಲಿಯೂ ನೀರು. ಯಾರು ಸರಿ ಎಂದು ಹುಡುಗನಿಗೆ ತಿಳಿಯದು. ಜಾಯ್ಸ್ ಹೇಳಿಕೊಡುವುದೂ ಇಲ್ಲ.

‘ಐವಿ ಡೇ’ ಕತೆಯಲ್ಲಿ ಅಳುವವರ ಮಟ್ಟ ಇನ್ನೂ ಕೆಳಗಿನದು. ಡಬ್ಲಿನ್ ಪುರಸಭೆಯ ಚುನಾವಣೆ, ಹೊರಗೆ ಮಳೆ, ಕೂಲಿಗೆ ಪ್ರಚಾರ ಮಾಡುವ ನಾಲ್ಕಾರು ಜನ ಒಲೆಯ ಮುಂದೆ ಕುಳಿತು ದುಡ್ಡು ಬಂದೀತೇ ಎಂದು ಕಾಯುತ್ತಿದ್ದಾರೆ. ಅಂದು ಅಕ್ಟೋಬರ್ 6. ಕೋಟಿನ ಮೇಲೆ ಪಾರ್ನೆಲ್ಲನ ಗುರುತಾದ ಐವಿ ಎಲೆ. ಅಭ್ಯರ್ಥಿಯ ಕರಪತ್ರವನ್ನೇ ಹರಿದು ಒಬ್ಬನು ಸಿಗರೇಟು ಹಚ್ಚುತ್ತಾನೆ. ಇಂಗ್ಲೆಂಡಿನ ದೊರೆ ಬಂದರೆ ಸ್ವಾಗತ ಪತ್ರ ಕೊಡೋಣ, ಊರಿಗೆ ನಾಲ್ಕು ಕಾಸು ಬರುತ್ತದೆ ಎನ್ನುತ್ತಾನೆ ಹೆಂಚಿ. ಆ ದೊರೆಯ ನಡತೆ ಎಂಥದು, ಪಾರ್ನೆಲ್ಲನಿಗೊಂದು ನ್ಯಾಯ ಇವನಿಗೊಂದೇ ಎಂದು ಇನ್ನೊಬ್ಬ ಕೇಳಿದರೆ ಮಾತು ತೇಲಿಸಿಬಿಡುತ್ತಾರೆ. (ಈ ಮಾತುಗಳಿಗಾಗಿಯೇ ಪ್ರಕಾಶಕರು ವರ್ಷಗಟ್ಟಲೆ ಪುಸ್ತಕವನ್ನು ತಡೆದರು. ರೋಸಿದ ಜಾಯ್ಸ್ 1911ರಲ್ಲಿ ದೊರೆ ಐದನೆಯ ಜಾರ್ಜನಿಗೇ ಕಾಗದ ಬರೆದು, ನಿಮ್ಮ ತಂದೆಯವರ ಬಗೆಗಿನ ಈ ಭಾಗ ಆಕ್ಷೇಪಾರ್ಹವೇ ಎಂದು ಕೇಳಿದ! ದೊರೆ ಇಂಥದರಲ್ಲಿ ಅಭಿಪ್ರಾಯ ಕೊಡುವುದಿಲ್ಲವೆಂದು ಕಾರ್ಯದರ್ಶಿಯಿಂದ ಉತ್ತರ ಬಂತು.) ಅಷ್ಟರಲ್ಲಿ ಬಿಯರ್ ಬಾಟಲಿಗಳು ಬರುತ್ತವೆ. ಬಿರಡೆ ತೆಗೆಯುವ ಸಾಧನ ಇಲ್ಲದ್ದರಿಂದ ಬಾಟಲಿಗಳನ್ನು ಒಲೆಯ ಬಳಿ ಬಿಸಿಗಿಡುತ್ತಾರೆ. ಒಂದೊಂದೇ ಬಿರಡೆ ಪೊಕ್ಕನೆ ಹಾರುತ್ತದೆ. ಸತ್ತ ನಾಯಕನಿಗೆ ಈ ಜನ ಕೊಡುವ ಕುಶಾಲು ತೋಪು ಅಷ್ಟೇ.

ಕಡೆಯಲ್ಲಿ ಹೈನ್ಸ್ ಎದ್ದು ತನ್ನ ಹಳೆಯ ಪದ್ಯ ಹೇಳುತ್ತಾನೆ. ಎದುರು ಪಕ್ಷದ ಗೂಢಚಾರನಿರಬೇಕೆಂದು ಸ್ವಲ್ಪ ಮುಂಚೆ ಇದೇ ಹೆಂಚಿ ಅವನನ್ನು ಅನುಮಾನಿಸಿದ್ದ. ಪದ್ಯ ಸವೆದ ನುಡಿಗಳ ಗಂಟು. ಒಳ್ಳೆಯ ಪದ್ಯವನ್ನು ಅಲ್ಲಿಡುವುದು ಜಾಯ್ಸನಿಗೆ ಕಷ್ಟವಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಅವನೇ ಹೀಲಿಯನ್ನು ಬೈದು ಪಾರ್ನೆಲ್ಲನ ಮೇಲೆ ಪದ್ಯ ಕಟ್ಟಿದ್ದ; ಅಪ್ಪ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದ; ಇಂದು ಅದರ ಒಂದು ಪ್ರತಿಯೂ ಸಿಕ್ಕುವುದಿಲ್ಲ. ಹೈನ್ಸನ ಪದ್ಯದಲ್ಲಿ ಜಾಯ್ಸ್ ಆ ಹುಡುಗನನ್ನೇ ನೋಡಿ ನಗುತ್ತಿದ್ದಾನೆಂದು ಮೊದಲು ನಾನು ತಿಳಿದಿದ್ದೆ. ಶೋಕಸಭೆಯಿಂದ ಬಂದ ರಾತ್ರಿ ಹಾಗೆ ತೋರಲಿಲ್ಲ. ಪದ್ಯ ಮುಗಿದ ಮೇಲೆ ಮೌನ, ಆಮೇಲೆ ಚಪ್ಪಾಳೆ. ಹೈನ್ಸನ ಬಾಟಲಿಯ ಬಿರಡೆ ಹಾರುತ್ತದೆ. ಅವನು ಅದನ್ನು ಕೇಳಿಸಿಕೊಳ್ಳುವುದಿಲ್ಲ, ಟೋಪಿಯಿಲ್ಲದೆ ಕೆಂಪಗೆ ಮುಖವಾಗಿ ಮೇಜಿನ ಮೇಲೆ ಕುಳಿತೇ ಇರುತ್ತಾನೆ. ಪದ್ಯ ಸುಳ್ಳಾಗಿರಬಹುದು, ಆ ಮುಖ ಸುಳ್ಳಲ್ಲ. ಗಾಲ್ವೇಯ ಪಾರ್ನೆಲ್ ಗೊತ್ತಿದ್ದರೂ ಗೊತ್ತಿರದಿದ್ದರೂ ಆ ಮುಖ ಹಾಗೆಯೇ ಇರುತ್ತಿತ್ತು. ಯೇಟ್ಸನ ಉಜ್ಜ್ವಲವಾದ ಪದ್ಯಗಳಿಂದ ಇಂಥದೊಂದು ಮುಖವನ್ನು ನಾನು ಹೆಕ್ಕಿ ತೆಗೆಯಲಾರೆ.

ಆ ಮೇಲೆ ಕನ್ಸರ್ವೇಟಿವ್ ಪಕ್ಷದ ಕ್ರಾಫ್ಟನ್ನನನ್ನು ಹೆಂಚಿ, ಹೇಗಿದೆ ಎಂದು ಕೇಳುತ್ತಾನೆ. ಬಹಳ ಚೆನ್ನಾದ ಬರವಣಿಗೆ ಎಂದು ಅವನು ತಲೆದೂಗುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ. ಆ ಕೋಣೆಯಲ್ಲಿದ್ದ ವಿಮರ್ಶಕ ಅವನೊಬ್ಬನೇ. ಶೋಕಸಭೆ ಮುಗಿದು ಹೊರಬರುವಾಗ ಆ ಗೆಳೆಯರು ನನ್ನನ್ನು ಬಾಗಿಲಲ್ಲಿ ತಡೆದು, ‘ನೀವು ಕನ್ನಡ ಮೇಷ್ಟ್ರು, ಪದ್ಯ ಹೇಗಿತ್ತು ಸಾರ್?’ ಎಂದು ಕೇಳಿದ್ದರು. ನಾನೂ ‘ಚೆನ್ನಾಗಿತ್ತು’ ಎಂದೆ. ಅವರು ಆ ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.