ತಡೆಯಲಾಗದ ನಗು: ಔಷಧವೋ, ಲಕ್ಷಣವೋ?

ಆಪ್ತಸಲಹೆಯ ಕೊಠಡಿಯೊಂದನ್ನು ಕಲ್ಪಿಸಿಕೊಳ್ಳಿ. ವ್ಯಕ್ತಿಯೊಬ್ಬರು ತಮ್ಮ ಮನೆಯಲ್ಲಾದ ಸಾವಿನ ವಿಷಯ ಹೇಳುತ್ತಿದ್ದಾರೆ. ಮಾತು ನಡುವೆ ನಿಲ್ಲುತ್ತದೆ, ಇದ್ದಕ್ಕಿದ್ದಂತೆ ನಗು ಬರುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದರೂ ಅದು ನಿಲ್ಲುವುದಿಲ್ಲ. ಇಂಥ ನಗುವಿಗೆ ನಮ್ಮಲ್ಲಿ ಎರಡು ಸಿದ್ಧ ತೀರ್ಪುಗಳಿವೆ. 'ಮನಸ್ಸಿನ ಭಾರ ಇಳಿಯಿತು, ಇನ್ನು ಗುಣವಾಗುತ್ತದೆ' ಎಂಬುದು ಒಂದು. 'ತಲೆ ಕೆಟ್ಟಿದೆ' ಎಂಬುದು ಇನ್ನೊಂದು. ಇವೆರಡೂ ಅವಸರದ ತೀರ್ಪುಗಳು. ಅವು ಏಕೆ ನಿಲ್ಲುವುದಿಲ್ಲ ಎಂಬುದನ್ನು ಪರಿಶೀಲಿಸೋಣ.

ಹಬೆಯ ಉಪಮೆ

ಮೊದಲ ತೀರ್ಪಿನ ಬೇರು ಹಬೆಯಂತ್ರದ ಕಾಲದ್ದು. ನರಗಳಲ್ಲಿ ಹೆಚ್ಚಾದ ಶಕ್ತಿ ಬೇರೆ ದಾರಿ ಕಾಣದೆ ಮುಖದ ಮತ್ತು ಉಸಿರಾಟದ ಸ್ನಾಯುಗಳ ಮೂಲಕ ಹೊರಬೀಳುವುದೇ ನಗು ಎಂದು ಹರ್ಬರ್ಟ್ ಸ್ಪೆನ್ಸರ್ 1860ರಲ್ಲಿ ವಾದಿಸಿದ. ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಹಾಸ್ಯವನ್ನು ಕುರಿತ ಪುಸ್ತಕದಲ್ಲಿ ಇದೇ ವಿಚಾರವನ್ನು ಬೆಳೆಸಿದ. ಕುಕ್ಕರಿನ ಸೀಟಿಯಂತೆ ಒತ್ತಡ ಹೊರಹೋಗುತ್ತದೆ ಎಂಬ ವಿವರಣೆ ಕೇಳಲು ಹಿತವಾಗಿದೆ. ದುಃಖದಲ್ಲೂ ನಗು ಬರುವುದೇಕೆ ಎಂಬುದಕ್ಕೂ ಇದು ಉತ್ತರ ಕೊಟ್ಟಂತೆ ತೋರುತ್ತದೆ.

ಆದರೆ ನರಕೋಶಗಳು ಭಾವನೆಯನ್ನು ಹಬೆಯಂತೆ ಕೂಡಿಡುವುದಿಲ್ಲ. ಅವು ಸಂಕೇತಗಳನ್ನು ಕಳಿಸುತ್ತವೆ, ತಡೆಯುತ್ತವೆ. ಇದಕ್ಕಿಂತ ದೊಡ್ಡ ದೋಷವೊಂದಿದೆ. ನಕ್ಕರೆ ಒತ್ತಡ ಹೊರಬಂತು ಎನ್ನುತ್ತೇವೆ. ನಗದಿದ್ದರೆ ಒಳಗೇ ಅದುಮಿಟ್ಟುಕೊಂಡಿದ್ದಾರೆ ಎನ್ನುತ್ತೇವೆ. ಏನು ನಡೆದರೂ ಸರಿಯಾಗಿಯೇ ಉಳಿಯುವ ವಿವರಣೆಯನ್ನು ಪರೀಕ್ಷೆಗೆ ಒಡ್ಡುವುದು ಹೇಗೆ? ನಕ್ಕ ಮೇಲೆ ಹಗುರವೆನಿಸಿತು ಎಂದು ಒಬ್ಬರು ಹೇಳಿದರೆ ಆ ಅನುಭವ ನಿಜವೇ. ಆದರೆ ಅದು ಕಾರಣವನ್ನು ಸಾಬೀತುಪಡಿಸುವುದಿಲ್ಲ.

ನಗು ಮೊದಲು, ಕಾರಣ ಆಮೇಲೆ

1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇಟ್ಜಾಕ್ ಫ್ರೀಡ್ ಮತ್ತು ಸಂಗಡಿಗರ ಪುಟ್ಟ ವರದಿಯೊಂದು ಪ್ರಕಟವಾಯಿತು. ಅಪಸ್ಮಾರದ ಚಿಕಿತ್ಸೆಗೆ ಬಂದಿದ್ದ 16 ವರ್ಷದ ಹುಡುಗಿಯ ಮಿದುಳಿನಲ್ಲಿ ರೋಗದ ನೆಲೆ ಹುಡುಕಲು ವಿದ್ಯುದಗ್ರಗಳನ್ನು ಇಡಲಾಗಿತ್ತು. ಎಡ ಮುಂಭಾಗದ ಒಂದು ಚಿಕ್ಕ ಜಾಗಕ್ಕೆ ವಿದ್ಯುತ್ ಹರಿಸಿದಾಗಲೆಲ್ಲ ಆಕೆ ನಕ್ಕಳು. ಪ್ರವಾಹ ಕಡಿಮೆ ಇದ್ದಾಗ ಮುಗುಳ್ನಗೆ, ಹೆಚ್ಚಾದಾಗ ಜೋರು ನಗು. ಏಕೆ ನಕ್ಕೆ ಎಂದು ಕೇಳಿದಾಗಲೆಲ್ಲ ಅವಳ ಬಳಿ ಉತ್ತರವಿತ್ತು: ಒಮ್ಮೆ ತೋರಿಸಿದ್ದ ಕುದುರೆಯ ಚಿತ್ರ, ಇನ್ನೊಮ್ಮೆ ಸುತ್ತ ನಿಂತಿದ್ದ ವೈದ್ಯರು. ನಿಜವಾದ ಕಾರಣ ವಿದ್ಯುತ್ತು. ಅವಳ ಮನಸ್ಸು ಕೈಗೆ ಸಿಕ್ಕ ಕಾರಣವನ್ನು ಆಮೇಲೆ ಜೋಡಿಸಿತ್ತು.

ಇದು ಒಬ್ಬಳೇ ರೋಗಿಯ ವರದಿ ಎಂಬುದನ್ನು ಮರೆಯಬಾರದು. ಆದರೂ ಅದು ಕೊಡುವ ಎಚ್ಚರಿಕೆ ದೊಡ್ಡದು. ನಕ್ಕವರು ಹೇಳುವ ಕಾರಣವೂ, ಚಿಕಿತ್ಸಕರು ಊಹಿಸುವ ಕಾರಣವೂ ಹೀಗೆಯೇ ಹುಟ್ಟಿರಬಹುದು.

ಭಯದ ನಗು

ನಗು ಸಂತೋಷದ ಗುರುತು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅಮೆರಿಕದ ರಾಬರ್ಟ್ ಪ್ರೊವೈನ್ ಜನರ ನಡುವಿನ ಸುಮಾರು 1200 ನಗುವಿನ ಪ್ರಸಂಗಗಳನ್ನು ಗಮನಿಸಿದಾಗ, ಹೆಚ್ಚಿನವು ಯಾವ ಹಾಸ್ಯದ ಮಾತನ್ನೂ ಹಿಂಬಾಲಿಸಿ ಬಂದವಾಗಿರಲಿಲ್ಲ. ಸ್ಟಾನ್ಲಿ ಮಿಲ್‌ಗ್ರಾಂ 1963ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟ. ಇನ್ನೊಬ್ಬನಿಗೆ ವಿದ್ಯುದಾಘಾತ ಕೊಡಬೇಕೆಂಬ ಆಜ್ಞೆಗೆ ಒಳಗಾದ 40 ಮಂದಿಯಲ್ಲಿ 14 ಮಂದಿ ಅಳುಕಿನಿಂದ ನಕ್ಕರು. ಮೂವರಿಗಂತೂ ನಗು ತಡೆಯಲಾಗದೆ ಮೈ ನಡುಗಿತು. ಆಘಾತ ನಟನೆಯಾಗಿತ್ತು, ಆದರೆ ಅದು ಅವರಿಗೆ ಗೊತ್ತಿರಲಿಲ್ಲ. ಅವರಲ್ಲಿ ಯಾರೂ ಖುಷಿಯಾಗಿರಲಿಲ್ಲ.

ಉದ್ಯಾನಗಳಲ್ಲಿ ಬೆಳಗ್ಗೆ ನಗುವ ನಗೆಕೂಟಗಳು 1995ರಲ್ಲಿ ಮುಂಬಯಿಯಲ್ಲಿ ಆರಂಭವಾದವು. ಅಲ್ಲಿನದು ಬೇಕೆಂದು ನಗುವ ನಗು. ತಾನಾಗಿ ಉಕ್ಕುವ ನಗುವಿಗೆ ಮಿದುಳಿನಲ್ಲಿ ಬಹುಮಟ್ಟಿಗೆ ಬೇರೆಯೇ ಹಾದಿಯಿದೆ. ಒಂದರ ಲಾಭವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯಲಾಗದು.

ರೋಗವೇ ಆಗಿರುವಾಗ

ಹಾಗೆಂದು ಎಲ್ಲ ನಗುವೂ ಅಳುಕಿನದಲ್ಲ. ಪಾರ್ಶ್ವವಾಯು, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ರೋಗಗಳಲ್ಲಿ ಮಿದುಳು ತೊಗಟೆಯಿಂದ ಮಿದುಳು ಕಾಂಡಕ್ಕೆ ಇಳಿಯುವ ನಿಯಂತ್ರಣದ ಹಾದಿಗಳಿಗೆ ಪೆಟ್ಟಾದರೆ, ಒಳಗಿನ ಭಾವಕ್ಕೆ ಹೊಂದದ ನಗು ಅಥವಾ ಅಳು ಉಕ್ಕುತ್ತದೆ. ಇದಕ್ಕೆ ಔಷಧಗಳಿವೆ, ಡೆಕ್ಸ್ಟ್ರೊಮೆಥಾರ್ಫಾನ್ ಮತ್ತು ಕ್ವಿನಿಡಿನ್ ಸೇರಿದ ಮಾತ್ರೆಗೆ ಅಮೆರಿಕ 2010ರಲ್ಲಿ ಅನುಮತಿ ನೀಡಿತು. ಹೈಪೊಥಲಾಮಸ್‌ನ ಗಂಟಿನಿಂದ ಮಕ್ಕಳಲ್ಲಿ ನಗುವಿನ ರೂಪದ ಅಪಸ್ಮಾರವೂ ಕಾಣಿಸಬಹುದು. ಚರಕಸಂಹಿತೆ ವಾತಜ ಉನ್ಮಾದದ ಲಕ್ಷಣ ಹೇಳುವಾಗ ನಗುವಿನ ಜೊತೆ 'ಅಸ್ಥಾನ' ಎಂಬ ಪದವನ್ನು ಸೇರಿಸಿದೆ. ಸ್ಥಳವಲ್ಲದ ಸ್ಥಳದಲ್ಲಿ ಬರುವ ನಗು ಎಂದು ಅದರ ಅರ್ಥ. ಸಂದರ್ಭ ನೋಡಬೇಕೆಂಬ ಅರಿವು ಆಗಲೇ ಇತ್ತು.

ಎರಡನೆಯ ತೀರ್ಪಿನ ತಪ್ಪು ಇರುವುದು ಸಂದರ್ಭವನ್ನು ನೋಡದೆ ಹೆಸರಿಡುವುದರಲ್ಲಿ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದ 'ಶರಪಂಜರ'ವನ್ನು ನೆನಪಿಸಿಕೊಳ್ಳಿ. ಗುಣವಾಗಿ ಮನೆಗೆ ಮರಳಿದ ಕಾವೇರಿಯ ಸಹಜ ನಡೆಯನ್ನೂ ಸುತ್ತಲಿನವರು ಹುಚ್ಚಿನ ಗುರುತೆಂದೇ ಓದುತ್ತಾರೆ. ಆ ಓದೇ ಅವಳನ್ನು ಮತ್ತೆ ಕುಸಿತದತ್ತ ತಳ್ಳುತ್ತದೆ.

ಔಷಧ ಮತ್ತು ಅಭಯ

ಹಾಗಾದರೆ ಚಿಕಿತ್ಸೆಯ ಜಾಗ ಹೇಗಿರಬೇಕು? ಈ ಬಗ್ಗೆ ನಮ್ಮ ನಾಡಿನ ಹಳೆಯ ದಾಖಲೆಯೊಂದಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವಿತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಆ ಮಠದ ಕೆಲಸಗಳನ್ನು ಉದ್ದಕ್ಕೆ ಪಟ್ಟಿಮಾಡುತ್ತದೆ. ವೇದ, ವ್ಯಾಕರಣ, ದರ್ಶನಗಳ ಕಲಿಕೆ ಅಲ್ಲಿತ್ತು. ಬಡವರಿಗೆ, ಅಂಗವಿಕಲರಿಗೆ ಅನ್ನವಿತ್ತು. ಅನಾಥ ರೋಗಿಗಳಿಗೆ ಔಷಧ ಕೊಡುವ ಸ್ಥಳವೆಂದೂ, ಸಕಲ ಜೀವಿಗಳಿಗೂ ಅಭಯ ನೀಡುವ ಸ್ಥಳವೆಂದೂ ಶಾಸನ ಅದನ್ನು ಕರೆದಿದೆ. ಇದನ್ನು ಮುಂದಿಟ್ಟು ಆಗಲೇ ಮನೋವೈದ್ಯಶಾಲೆ ಇತ್ತೆಂದು ಹೆಮ್ಮೆಪಡುವುದು ಸಲ್ಲದು. ಆದರೆ ಔಷಧ ಮತ್ತು ಅಭಯ ಎರಡೂ ಒಂದೇ ಪಟ್ಟಿಯಲ್ಲಿರುವುದು ಗಮನಾರ್ಹ. ತಡೆಯಲಾಗದೆ ನಕ್ಕವರು ಮೊದಲು ಅನುಭವಿಸುವುದು ನಾಚಿಕೆಯನ್ನು. ತಮ್ಮನ್ನು ಕಲ್ಲುಮನಸ್ಸಿನವರೆಂದು ಭಾವಿಸಿಯಾರೆಂಬ ಭಯ ಅವರದು. ಆ ಭಯ ಹೋಗದೆ ಮುಂದಿನ ಮಾತು ಬರುವುದಿಲ್ಲ.

ನೀವೇನು ಮಾಡಬಹುದು?

ಅಧ್ಯಾಪಕರಾದ ನಿಮಗೆ ಇದು ದೂರದ ವಿಷಯವಲ್ಲ. ಗದರಿಸಿದಾಗ ಕಿಸಕ್ಕನೆ ನಗುವ ಮಗುವನ್ನು ಉದ್ಧಟನೆಂದು ಮತ್ತಷ್ಟು ಗದರಿಸುತ್ತೇವೆ. ನಗು ಇನ್ನೂ ಹೆಚ್ಚುತ್ತದೆ. ಅದು ಮಿಲ್‌ಗ್ರಾಂ ಕಂಡ ನಗುವಿನ ಬಂಧುವೇ ಆಗಿರಬಹುದು. ಧ್ವನಿ ತಗ್ಗಿಸಿ, ಸ್ವಲ್ಪ ಸಮಯ ಕೊಟ್ಟು ನೋಡಿ. ಏಕೆ ನಕ್ಕೆ ಎಂದು ಪೀಡಿಸಬೇಡಿ. ಮೇಲಿನ ಹುಡುಗಿಯಂತೆ ಮಗುವೂ ಏನೋ ಒಂದು ಕಾರಣ ಕೊಟ್ಟೀತು. ಅದರ ಬದಲು ನಾಲ್ಕು ಸಂಗತಿಗಳನ್ನು ಗಮನಿಸಿ. ನಗುವಿಗೆ ಮುನ್ನ ಏನಾಯಿತು? ಅದು ಎಷ್ಟು ಹೊತ್ತು ಇತ್ತು? ಪ್ರತಿ ಸಲವೂ ಒಂದೇ ರೀತಿ ಬರುತ್ತದೆಯೇ? ಆ ಹೊತ್ತಿನಲ್ಲಿ ಎಚ್ಚರ ತಪ್ಪುತ್ತದೆಯೇ, ಕರೆದರೆ ಓಗೊಡುವುದೇ? ಪ್ರಚೋದನೆಯಿಲ್ಲದೆ ಒಂದೇ ಬಗೆಯ ನಗು ಮರುಕಳಿಸಿದರೆ, ಎಚ್ಚರ ಮಸುಕಾದರೆ ನರವೈದ್ಯರಿಗೆ ತೋರಿಸಿ. ಮನಸ್ಸಿನ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತನಾಡಬಹುದು.

ನಗುವನ್ನು ಒಂದು ದತ್ತಾಂಶವೆಂದು ಬರೆದಿಟ್ಟುಕೊಳ್ಳಿ. ತೀರ್ಪು ಅದರ ಆಚೆಗಿನ ಕೆಲಸ. ವಿಜ್ಞಾನದ ತರಗತಿಯಲ್ಲಿ ನಾವು ಕಲಿಸುವ ಶಿಸ್ತೇ ಇದು. ಎದುರಿಗೆ ಕುಳಿತ ಮನುಷ್ಯನ ವಿಷಯದಲ್ಲಿ ಅದನ್ನು ಬಿಟ್ಟುಕೊಡಲು ಕಾರಣವಿಲ್ಲ.