ಗುಡುಗು ನೆನಪಿದೆ, ಲೆಕ್ಕ ಮರೆತಿದೆ

ವಿರೋಧ ಪಕ್ಷದ ನಾಯಕ ಸದನದಲ್ಲಿ ಎದ್ದು ನಿಂತರೆ ಸಾಕು, ಮರುದಿನದ ಪತ್ರಿಕೆಗೆ ಶೀರ್ಷಿಕೆ ಸಿದ್ಧ: ಸರ್ಕಾರಕ್ಕೆ ತರಾಟೆ, ಮಂತ್ರಿಗೆ ಬೆವರಿಳಿಸಿದ, ಚಳಿ ಬಿಡಿಸಿದ. ಅದನ್ನೋದಿದ ಹಿರಿಯರ ನಿಟ್ಟುಸಿರು ಬೇರೆ: ‘ಇದೆಲ್ಲ ಏನು ಬಿಡಿ, ಲೋಹಿಯಾ ಮಾತಾಡಿದಾಗ ನೆಹರೂ ಅವರೇ ತಬ್ಬಿಬ್ಬಾಗಿದ್ದರು.’ ಶೀರ್ಷಿಕೆಯ ಹಿಂದೆಯೂ ನಿಟ್ಟುಸಿರಿನ ಹಿಂದೆಯೂ ಇರುವುದು ಒಂದೇ ನಂಬಿಕೆ. ವಿರೋಧ ಪಕ್ಷದ ಕೆಲಸ ಗುಡುಗುವುದು; ಹಿಂದಿನವರಿಗೆ ಆ ಗಂಟಲಿತ್ತು, ಇಂದಿನವರಿಗಿಲ್ಲ. ನನಗಿದು ಒಪ್ಪಿಗೆಯಿಲ್ಲ. ಲೋಹಿಯಾ ಅವರನ್ನೇ ಸಾಕ್ಷಿಗೆ ಕರೆಯುವುದಾದರೆ 1963ರಲ್ಲಿ ನಡೆದದ್ದೇನು ಎಂದು ತುಸು ಹತ್ತಿರದಿಂದ ನೋಡಬೇಕು.

ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು. ಆ ವರ್ಷದ ಉಪಚುನಾವಣೆಗಳಲ್ಲಿ ಆಚಾರ್ಯ ಕೃಪಲಾನಿ ಅಮ್ರೋಹಾದಿಂದ, ರಾಮಮನೋಹರ ಲೋಹಿಯಾ ಫರೂಕಾಬಾದಿನಿಂದ, ಮಿನೂ ಮಸಾನಿ ರಾಜ್‌ಕೋಟ್‌ನಿಂದ ಗೆದ್ದು ಬಂದಿದ್ದರು. ಆಗಸ್ಟ್‌ನಲ್ಲಿ ಕೃಪಲಾನಿ ಅವಿಶ್ವಾಸ ನಿರ್ಣಯ ಮಂಡಿಸಿದರು. ಲೋಕಸಭೆ ಕಂಡ ಮೊದಲ ಅವಿಶ್ವಾಸ ನಿರ್ಣಯ ಅದು. ಮತಕ್ಕೆ ಹಾಕಿದಾಗ ಪರ 62, ವಿರುದ್ಧ 347. ಸಂಖ್ಯಾಬಲವಿಲ್ಲದ ವಿರೋಧ ಪಕ್ಷದಿಂದ ಏನಾದೀತು ಎನ್ನುವವರು ಇಲ್ಲಿಗೇ ಪುಸ್ತಕ ಮುಚ್ಚಿಡುತ್ತಾರೆ.

ಆದರೆ ಮತದಾನಕ್ಕಿಂತ ದೊಡ್ಡ ಸಂಗತಿ ಚರ್ಚೆಯಲ್ಲಿ ನಡೆದುಹೋಗಿತ್ತು. ದೇಶದ 27 ಕೋಟಿ ಜನ, ಅಂದರೆ ನೂರಕ್ಕೆ ಅರವತ್ತು ಮಂದಿ, ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು ಲೋಹಿಯಾ. ಮೂರಾಣೆಯಲ್ಲ, ಯೋಜನಾ ಆಯೋಗದ ಲೆಕ್ಕದಂತೆ ಹದಿನೈದಾಣೆ ಎಂದರು ನೆಹರೂ. ಸರ್ಕಾರ ಆಗಲೇ ನಯಾ ಪೈಸೆಯಲ್ಲಿ ಲೆಕ್ಕ ಬರೆಯುತ್ತಿತ್ತು. ಸಂತೆಯಲ್ಲಿ ಜನ ಇನ್ನೂ ಆಣೆಯಲ್ಲೇ ವ್ಯಾಪಾರ ಮಾಡುತ್ತಿದ್ದರು. ಲೋಹಿಯಾ ಸಂತೆಯ ಲೆಕ್ಕ ಹಿಡಿದರು, ಪ್ರಧಾನಿಯೂ ಅದರಲ್ಲೇ ಉತ್ತರಿಸಬೇಕಾಯಿತು. ಜಗಳ ಅಲ್ಲಿಗೆ ನಿಲ್ಲದೆ ಸೆಪ್ಟೆಂಬರ್‌ನಲ್ಲಿ ಇದೇ ವಿಷಯಕ್ಕೆ ಪ್ರತ್ಯೇಕ ಚರ್ಚೆಯಾಯಿತು.

ಈ ಹದಿನೈದಾಣೆಯನ್ನು ಬಿಡಿಸಿ ನೋಡಿ. ದಿನಕ್ಕೆ ಹದಿನೈದಾಣೆ ಎಂದರೆ ವರ್ಷಕ್ಕೆ ಸುಮಾರು 340 ರೂಪಾಯಿ. ಇಡೀ ದೇಶದ ವರಮಾನವನ್ನು ಎಲ್ಲ ತಲೆಗೂ ಸಮನಾಗಿ ಹಂಚಿದರೆ ಬರುವ ಸರಾಸರಿ ಅದು. ಗಿರಣಿ ಮಾಲೀಕನೂ ಗದ್ದೆಯ ಕೂಲಿಯೂ ಅದರೊಳಗೇ ಇದ್ದಾರೆ. ಲೋಹಿಯಾ ಕೇಳಿದ್ದು ಕೆಳಗಿನ ಅರವತ್ತು ಮಂದಿಯ ಲೆಕ್ಕ, ಸರ್ಕಾರ ಕೊಟ್ಟಿದ್ದು ನೂರು ಮಂದಿಯದ್ದು. ಪ್ರಶ್ನೆಯೊಂದು, ಉತ್ತರವಿನ್ನೊಂದು. ಬರಿಯ ಆಕ್ರೋಶದ ಭಾಷಣವಾಗಿದ್ದರೆ ಈ ಜಾಣತನ ದಕ್ಕಿಬಿಡುತ್ತಿತ್ತು. ‘ಬಡವರು ಹಸಿದಿದ್ದಾರೆ’ ಎಂದವರಿಗೆ ‘ನಮಗೂ ಕಳಕಳಿಯಿದೆ’ ಎನ್ನಬಹುದು. ‘ಮೂರಾಣೆ’ ಎಂದವರಿಗೆ ಆಣೆಯಲ್ಲೇ ಲೆಕ್ಕ ಒಪ್ಪಿಸಬೇಕು.

ಕೊನೆಗೆ ಯೋಜನಾ ಸಚಿವ ಗುಲ್ಜಾರಿಲಾಲ್ ನಂದಾ ಕೆಳಗಿನ ಅರವತ್ತು ಮಂದಿಯ ಲೆಕ್ಕವನ್ನು ಏಳೂವರೆ ಆಣೆಗೆ ತಂದು ನಿಲ್ಲಿಸಿದರು. ಹದಿನೈದು ಹೋಗಿ ಸರಿಯಾಗಿ ಅದರರ್ಧ ಉಳಿಯಿತು. ನನ್ನ ಮಟ್ಟಿಗೆ ಆ ಚರ್ಚೆಯ ಗೆಲುವು ಇರುವುದು ಇಲ್ಲಿ. ಹಾಗೆ ನೋಡಿದರೆ ಏಳೂವರೆಯೂ ಸರ್ಕಾರಕ್ಕೆ ನೆಮ್ಮದಿ ಕೊಡುವ ಅಂಕಿಯಾಗಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಯೋಜನಾ ಆಯೋಗದ ತಜ್ಞರ ತಂಡವೊಂದು ಒಬ್ಬ ಮನುಷ್ಯ ಬದುಕಲು 1960–61ರ ಬೆಲೆಯಲ್ಲಿ ತಿಂಗಳಿಗೆ ಕನಿಷ್ಠ 20 ರೂಪಾಯಿ ಬೇಕು ಎಂದಿತ್ತು. ದಿನದ ಲೆಕ್ಕಕ್ಕೆ ಇಳಿಸಿದರೆ ಹತ್ತೂವರೆ ಆಣೆಗೂ ಮೇಲೆ. ಕೆಳಗಿನ ಅರವತ್ತು ಮಂದಿಯ ಸರಾಸರಿಯೇ ಆ ಗೆರೆಯ ಕೆಳಗಿದೆಯೆಂದು ಸಚಿವರ ಅಂಕಿಯೇ ಸಾರುತ್ತಿತ್ತು.

ಹಾಗಾದರೆ ಲೋಹಿಯಾ ಹೇಳಿದ ಮೂರಾಣೆ ಸರಿಯೇ? ನನಗೆ ಅನುಮಾನವಿದೆ. ಸರಾಸರಿ ಹದಿನೈದಾಣೆಯೆಂದು ಒಪ್ಪಿ, ಕೆಳಗಿನವರಿಗೆ ಮೂರೇ ಆಣೆ ಎಂದರೆ ಮೇಲಿನ ನಲವತ್ತು ಮಂದಿಗೆ ತಲಾ ಮೂವತ್ತಮೂರಾಣೆ ಬೀಳುತ್ತದೆ, ಹನ್ನೊಂದು ಪಟ್ಟು. ಆ ನಲವತ್ತರಲ್ಲಿ ಸಣ್ಣ ಹಿಡುವಳಿದಾರ, ಗುಮಾಸ್ತ, ಶಾಲೆಯ ಮೇಷ್ಟ್ರು ಎಲ್ಲರೂ ಇದ್ದರು. ಅವರೆಲ್ಲ ಅಷ್ಟು ಉಂಡಿದ್ದರೆಂದು ನಂಬುವುದು ಕಷ್ಟ. ಲೋಹಿಯಾ ಲೆಕ್ಕ ಬಿಗಿಯಾಯಿತೆಂದೇ ಇಟ್ಟುಕೊಳ್ಳೋಣ. ಆದರೂ ತನ್ನ ಅಂಕಿ ಬದಲಿಸಿದ್ದು ಸರ್ಕಾರವೇ.

ಅದೇ ಸಮಯದಲ್ಲಿ ಲೋಹಿಯಾ ಇನ್ನೊಂದು ಅಂಕಿಯನ್ನೂ ಎಸೆದಿದ್ದರು: ಪ್ರಧಾನಿಯೊಬ್ಬರಿಗೇ ದಿನಕ್ಕೆ 25,000 ರೂಪಾಯಿ ಖರ್ಚು. ಚಪ್ಪಾಳೆ ಗಿಟ್ಟಿಸುವ ಮಾತು, ಜನಕ್ಕೂ ರುಚಿಸಿತು. ನನ್ನ ಕಣ್ಣಿಗೆ ಇಡೀ ವಾದದಲ್ಲಿ ತೀರಾ ದುರ್ಬಲವಾದದ್ದು ಅದೇ. ಕಾವಲಿನ ವೆಚ್ಚ, ಹುದ್ದೆಯ ವೆಚ್ಚ ಎಂದು ಯಾವ ಸರ್ಕಾರವಾದರೂ ಇಂಥದ್ದನ್ನು ತಳ್ಳಿಹಾಕಬಹುದು; ಅದರಿಂದ ಯಾರ ತಟ್ಟೆಗೂ ಏನೂ ಬೀಳುವುದಿಲ್ಲ. ಇಂದಿನ ನಾಯಕರು ಲೋಹಿಯಾ ಅವರಿಂದ ಕಲಿತದ್ದು ಮಾತ್ರ ಈ ಅರ್ಧವನ್ನೇ: ಮಂತ್ರಿಯ ಕಾರು, ಮಂತ್ರಿಯ ವಾಚು, ಮಂತ್ರಿಯ ಬಂಗಲೆ.

ನಮ್ಮಲ್ಲೂ ಇದೇ ಕಥೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರೆಂದರೆ ಮೈಸೂರು ವಿಧಾನಸಭೆಯಲ್ಲಿ ಕೆರಳಿ ನಿಂತ ಸಿಂಹ ಎಂದಷ್ಟೇ ಹೊಸ ತಲೆಮಾರಿಗೆ ಗೊತ್ತು. ಅವರನ್ನು ಬೆಳೆಸಿದ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಮುಖ್ಯ ದೂರುಗಳಲ್ಲೊಂದು ಒಡೆಯರು ಭತ್ತ ಅಳೆಯುತ್ತಿದ್ದ ಕೊಳಗದ್ದು. ಅದು ನ್ಯಾಯದ ಅಳತೆಗಿಂತ ದೊಡ್ಡದಾಗಿತ್ತು. 1951ರಲ್ಲಿ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಆ ಸತ್ಯಾಗ್ರಹದಲ್ಲೇ. ಕೊಳಗ ಎಷ್ಟು ಸೇರಿನದು ಎಂದು ಕೇಳಿದವರ ಜೊತೆಗಿದ್ದವರು ಮುಂದೆ ಸದನದಲ್ಲಿ ಆಣೆ ಎಷ್ಟು ಎಂದು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಹೇಳಿ ಇಂದಿನ ವಿರೋಧ ಪಕ್ಷದವರನ್ನೇ ದೂರಿ ಮುಗಿಸಿದರೆ ಅನ್ಯಾಯವಾದೀತು. ಲೆಕ್ಕ ಕೇಳಲು ಹೊತ್ತು ಬೇಕು, ಉತ್ತರಿಸಲು ಎದುರಿಗೆ ಆಳು ಬೇಕು. 1963ರ ಪ್ರಧಾನಿ ಎದ್ದು ನಿಂತು ಅಂಕಿಗೆ ಅಂಕಿ ಕೊಟ್ಟರು. ಸೋತರೂ ಆ ಮರ್ಯಾದೆ ಅವರದ್ದು. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಹೆಸರಿನಲ್ಲಿ ಸಂಸತ್ತಿನ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಪ್ರಶ್ನೆ ಕೇಳುವ ಗಂಟೆ ಹೋದರೆ ಉಳಿಯುವುದು ಸದನದ ಬಾವಿಗಿಳಿದು ಕೂಗುವುದು ಮತ್ತು ಸಭಾತ್ಯಾಗ. ಆದರೆ ಗಂಟೆ ಸಿಕ್ಕ ದಿನವೂ ಧಿಕ್ಕಾರ ಕೂಗಿಯೇ ಅದನ್ನು ಕಳೆಯುವವರಿಗೆ ಯಾವ ನೆಪವೂ ಇಲ್ಲ.

ಸದನದ ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಬೆಳಗಾವಿ ಅಧಿವೇಶನದಲ್ಲಿ ಯಾರು ಯಾರಿಗೆ ಚಳಿ ಬಿಡಿಸಿದರು ಎನ್ನುವುದನ್ನು ಒಳಪುಟಕ್ಕೆ ಹಾಕಿ. ಶಾಸಕರು ಕೇಳಿದ ಅಂಕಿ ಯಾವುದು, ಸಚಿವರು ಕೊಟ್ಟದ್ದು ಯಾವುದು, ವಾರದ ನಂತರ ಅದು ಬದಲಾಯಿತೇ ಎನ್ನುವುದನ್ನು ಮುಖಪುಟದಲ್ಲಿ ಬರೆಯಿರಿ.