ಇಂಗ್ಲಿಷಿನ ಸಮುಚ್ಚಯವೂ ಒಂದು ಅಲ್ಪವಿರಾಮವೂ

ಇಂಗ್ಲಿಷು ಬರೆಯುವವರಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ಒಂದು ವಿವಾದವು ಹೊರನೋಟಕ್ಕೆ ಅತ್ಯಲ್ಪವಾದುದು. ಮೂರು ಅಥವಾ ಅದಕ್ಕಿಂತ ಹೆಚ್ಚು ವಸ್ತುಗಳನ್ನು ಒಂದೇ ಸಾಲಿನಲ್ಲಿ ಹೇಳುವಾಗ, ಕಡೆಯದರ ಹಿಂದೆ ನಿಲ್ಲುವ ‘ಅಂಡ್’ ಅಥವಾ ‘ಆರ್’ ಎಂಬ ಅವ್ಯಯಕ್ಕೆ ಮುಂಚೆ ಅಲ್ಪವಿರಾಮವನ್ನು ಹಾಕಬೇಕೇ ಬೇಡವೇ ಎಂಬುದೇ ಆ ವಿವಾದ. ಈ ಚಿಹ್ನೆಗೆ ಆಕ್ಸ್‌ಫರ್ಡ್ ಕಾಮಾ ಎಂಬ ಹೆಸರು ರೂಢವಾಗಿದೆ. ಬೇಕೆಂಬ ಪಕ್ಷದಲ್ಲಿಯೂ ಬೇಡವೆಂಬ ಪಕ್ಷದಲ್ಲಿಯೂ ವಿದ್ವಾಂಸರುಂಟು, ಹಟಮಾರಿಗಳೂ ಉಂಟು.

1893ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಅಚ್ಚುಕೂಟದಲ್ಲಿ ಅಧಿಕಾರಿಯಾಗಿದ್ದ ಹೊರೇಸ್ ಹಾರ್ಟನು ತನ್ನಲ್ಲಿ ಅಕ್ಷರ ಜೋಡಿಸುವವರಿಗೂ ಕರಡು ತಿದ್ದುವವರಿಗೂ ಉಪಯೋಗವಾಗಲೆಂದು ಒಂದು ನಿಯಮಾವಳಿಯನ್ನು ಸಿದ್ಧಪಡಿಸಿದನು. 1904ರಲ್ಲಿ ಅದು ಸಾರ್ವಜನಿಕರಿಗೂ ದೊರೆಯಿತು. ಈ ಅಲ್ಪವಿರಾಮವನ್ನು ಹಾಕುವುದೇ ಆ ಅಚ್ಚುಕೂಟದ ಸಂಪ್ರದಾಯ. ಅಚ್ಚುಕೂಟದ ಕೈಪಿಡಿಯಿಂದ ಕಾರಣಗಳನ್ನು ನಿರೀಕ್ಷಿಸುವುದು ತರವಲ್ಲ. ಕಾರಣವನ್ನು ಕೊಟ್ಟವನು ತತ್ತ್ವಜ್ಞನಾದ ಹರ್ಬರ್ಟ್ ಸ್ಪೆನ್ಸರನು. 1905ರಲ್ಲಿ ಹೊವರ್ಡ್ ಕಾಲಿನ್ಸನು ಗ್ರಂಥಕರ್ತರಿಗೂ ಮುದ್ರಕರಿಗೂ ಒಂದು ನಿಘಂಟನ್ನು ಪ್ರಕಟಿಸಿದಾಗ ಸ್ಪೆನ್ಸರನ ಅಭಿಪ್ರಾಯವನ್ನು ಅದರಲ್ಲಿ ಸೇರಿಸಿದನು. ಆಲೋಚನೆಯಲ್ಲಿ ಸಮಾನವಾದ ಬೆಲೆಯುಳ್ಳ ಅಂಗಗಳಿಗೆ ಬರವಣಿಗೆಯಲ್ಲಿಯೂ ಸಮಾನವಾದ ವಿರಾಮವೇ ಸಲ್ಲಬೇಕೆಂಬುದು ಅದರ ತಾತ್ಪರ್ಯ. ಮೂರು ಬಣ್ಣಗಳನ್ನು ಹೇಳುವಲ್ಲಿ ಕಡೆಯ ಎರಡಕ್ಕೆ ಮಾತ್ರ ಚಿಹ್ನೆಯನ್ನು ಕಿತ್ತುಬಿಟ್ಟರೆ ಅವೆರಡೂ ಮೊದಲನೆಯದನ್ನು ಬಿಟ್ಟು ತಮ್ಮೊಳಗೇ ಗಂಟು ಹಾಕಿಕೊಂಡಂತೆ ತೋರುವುದು. ಅಮೆರಿಕದಲ್ಲಿ 1906ರ ಷಿಕಾಗೋ ಕೈಪಿಡಿಯೂ 1918ರಲ್ಲಿ ಅಚ್ಚಾದ ಸ್ಟ್ರಂಕನ ಸಣ್ಣ ಪುಸ್ತಕವೂ ಇದೇ ಪಕ್ಷವನ್ನು ಹಿಡಿದುವು.

ವೃತ್ತಪತ್ರಿಕೆಗಳವರು ಒಪ್ಪಲಿಲ್ಲ. ಅಸೋಸಿಯೇಟೆಡ್ ಪ್ರೆಸ್ಸಿನ ನಿಯಮದಲ್ಲಿ, ಸಾಧಾರಣವಾದ ಸಾಲಿಗೆ ಈ ಚಿಹ್ನೆ ಅನಾವಶ್ಯಕ. ಅರ್ಧಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವವರೆಂದು ನಮ್ಮ ವೈಯಾಕರಣರನ್ನು ಹಾಸ್ಯ ಮಾಡುವುದುಂಟು. ಪತ್ರಿಕೆಯ ಅಂಕಣದಲ್ಲಿ ಒಂದು ಮೊಳೆಯ ಜಾಗ ಉಳಿದರೆ ಸಂಪಾದಕರಿಗೂ ಅಂಥ ಹಿಗ್ಗೇ. ಆದರೆ ಲಾಘವವು ಗುಣವಾಗುವುದು ಅರ್ಥಕ್ಕೆ ಹಾನಿಯಾಗದಿರುವಲ್ಲಿ ಮಾತ್ರ.

ಅರ್ಥಕ್ಕೆ ಹಾನಿಯುಂಟೇ ಎಂಬುದನ್ನು ನೋಡುವ ಮುನ್ನ ಇಂಗ್ಲಿಷಿನ ‘ಅಂಡ್’ ಎಂಬುದರ ಬಡತನವನ್ನು ತಿಳಿಯಬೇಕು. ಸಂಸ್ಕೃತದ ‘ಚ’ಕಾರಕ್ಕೆ ಸಮುಚ್ಚಯ, ಅನ್ವಾಚಯ, ಇತರೇತರಯೋಗ, ಸಮಾಹಾರ ಎಂದು ನಾಲ್ಕು ಅರ್ಥಗಳನ್ನು ಶಾಸ್ತ್ರಕಾರರು ವಿಂಗಡಿಸಿದ್ದಾರೆ. ಭಿಕ್ಷೆಗೆ ಹೋಗು, ಹಸುವನ್ನೂ ಹೊಡೆದುಕೊಂಡು ಬಾ ಎಂದಾಗ ಭಿಕ್ಷೆ ಮುಖ್ಯ, ಹಸು ಆನುಷಂಗಿಕ, ಅದು ಅನ್ವಾಚಯ. ಕಡೆಯ ಎರಡು ಅರ್ಥಗಳಲ್ಲಿ ದ್ವಂದ್ವಸಮಾಸವು ಬರುತ್ತದೆ. ‘ರಾಮಲಕ್ಷ್ಮಣೌ’ ಎಂಬಲ್ಲಿನ ದ್ವಿವಚನವು ಇಬ್ಬರನ್ನು ಎಣಿಸಿ ತೋರಿಸುತ್ತದೆ, ‘ಪಾಣಿಪಾದಂ’ ಎಂಬಲ್ಲಿನ ಏಕವಚನವು ಕೈಕಾಲುಗಳನ್ನು ಒಂದು ರಾಶಿಯಾಗಿ ಕಾಣಿಸುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಒಂದೇ ‘ಅಂಡ್’. ಅದು ಪ್ರತಿಯೊಂದು ಪದಕ್ಕೂ ಅಂಟಿಕೊಳ್ಳದೆ ಕಡೆಯದರ ಹಿಂದೆ ಒಂದೇ ಸಲ ನಿಲ್ಲುತ್ತದೆ. ಆದುದರಿಂದಲೇ ವಿರಾಮಚಿಹ್ನೆಯು ಅಲ್ಲಿ ಅಲಂಕಾರವಲ್ಲ. ವಿಭಕ್ತಿಯು ಮಾಡಬೇಕಾದ ಕೆಲಸದಲ್ಲಿ ಒಂದು ಪಾಲನ್ನು ಅದು ಹೊತ್ತುಕೊಂಡಿದೆ.

ಈ ಪಾಲು ಎಷ್ಟೆಂಬುದು ಅಮೆರಿಕದ ಮೇನ್ ಸಂಸ್ಥಾನದಲ್ಲಿ ಹಾಲು ಸಾಗಿಸುವ ಚಾಲಕರ ಕೂಲಿಯಲ್ಲಿ ಗೊತ್ತಾಯಿತು. ವಾರಕ್ಕೆ 40 ಗಂಟೆಗಳ ಮೇಲೆ ದುಡಿದವರಿಗೆ ಒಂದೂವರೆಯಷ್ಟು ಕೂಲಿಯನ್ನು ಕೊಡಬೇಕೆಂದು ಅಲ್ಲಿನ ಕಾನೂನು. ಬೇಗ ಕೆಡುವ ಆಹಾರಪದಾರ್ಥಗಳಿಗೆ ಸಂಬಂಧಪಟ್ಟ ಕೆಲವು ಕೆಲಸಗಳಿಗೆ ಮಾತ್ರ ಇದು ಅನ್ವಯಿಸದು. ಡಬ್ಬಿಯಲ್ಲಿ ತುಂಬುವುದು, ಸಂಸ್ಕರಿಸುವುದು, ಒಣಗಿಸುವುದು, ಕೂಡಿಡುವುದು ಮೊದಲಾದ ಆ ಕೆಲಸಗಳ ಸಾಲಿನ ತುದಿಯಲ್ಲಿ ‘ಪ್ಯಾಕಿಂಗ್ ಫಾರ್ ಷಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು. ‘ಆರ್’ ಎಂಬುದರ ಹಿಂದೆ ಅಲ್ಪವಿರಾಮವಿರಲಿಲ್ಲ. ವಿತರಣೆಯು ಪ್ರತ್ಯೇಕವಾದ ಕೆಲಸವಾದರೆ ಚಾಲಕರಿಗೆ ಹೆಚ್ಚಿನ ಕೂಲಿಯಿಲ್ಲ. ‘ಪ್ಯಾಕಿಂಗ್ ಫಾರ್’ ಎಂಬುದು ಹೊಸಲಿನ ಮೇಲಣ ದೀಪದಂತೆ ಸಾಗಾಣಿಕೆಗೂ ವಿತರಣೆಗೂ ಸಲ್ಲುವುದಾದರೆ ಸಾಲಿನಲ್ಲಿರುವುದು ಕಟ್ಟುವ ಕೆಲಸವೊಂದೇ. ಚಾಲಕರು ಕಟ್ಟುವವರಲ್ಲ, ಹಂಚುವವರು. ಅವರಿಗೆ ಕೂಲಿ ಸಲ್ಲಬೇಕು.

ಓಕ್‌ಹರ್ಸ್ಟ್ ಡೈರಿಯವರ ವಾದವೂ ತೆಗೆದುಹಾಕುವಂಥದಲ್ಲ. ಕಟ್ಟುವುದೇ ಕಡೆಯ ಕೆಲಸವಾದರೆ ಅದರ ಹಿಂದೆ ‘ಆರ್’ ಇರಬೇಕಾಗಿತ್ತು, ಇಲ್ಲ; ಮೇಲಾಗಿ ಸಾಗಾಣಿಕೆ, ವಿತರಣೆ ಎಂಬೆರಡೂ ಹತ್ತಿರಹತ್ತಿರ ಒಂದೇ ಆದುದರಿಂದ ಪುನರುಕ್ತಿದೋಷವು ಬರುತ್ತದೆ; ಆ ಸಂಸ್ಥಾನದ ಕಾನೂನು ಬರೆಯುವವರ ಕೈಪಿಡಿಯೇ ಇಂಥ ಅಲ್ಪವಿರಾಮವನ್ನು ಬೇಡವೆಂದಿದೆ. ಚಾಲಕರ ಕಡೆಯವರು ಪ್ರತ್ಯಯವನ್ನು ಹಿಡಿದರು. ಸಾಲಿನಲ್ಲಿರುವ ಕೆಲಸಗಳೆಲ್ಲವೂ ‘ಇಂಗ್’ ಎಂಬ ಪ್ರತ್ಯಯದಿಂದ ಮುಗಿಯುತ್ತವೆ. ಷಿಪ್‌ಮೆಂಟ್, ಡಿಸ್ಟ್ರಿಬ್ಯೂಷನ್ ಎಂಬೆರಡು ಮಾತ್ರ ಬೇರೆ ಜಾತಿಯ ನಾಮಪದಗಳು. ಆದಕಾರಣ ಅವು ಸಾಲಿಗೆ ಸೇರದೆ ‘ಫಾರ್’ ಎಂಬುದರ ಅಧೀನದಲ್ಲಿ ಜೊತೆಯಾಗಿ ನಿಲ್ಲಬೇಕು. ಪಾಠಶಾಲೆಯ ಜಗಲಿಯಲ್ಲಿ ನಡೆದಿದ್ದರೂ ಈ ವಾಕ್ಯಾರ್ಥವು ಶೋಭಿಸುತ್ತಿತ್ತು. ಕೆಳಗಿನ ನ್ಯಾಯಸ್ಥಾನವು ಡೈರಿಯ ಪರವಾಗಿ ಹೇಳಿತ್ತು. 2017ರ ಮಾರ್ಚಿಯಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು, ವಾಕ್ಯವು ಸಂದಿಗ್ಧವಾಗಿದೆ, ಸಂದೇಹದಲ್ಲಿ ಕಾನೂನಿನ ಉದ್ದೇಶವನ್ನು ನೋಡಿ ದುಡಿಯುವವರಿಗೆ ಅನುಕೂಲವಾಗುವಂತೆ ಅರ್ಥ ಹೇಳಬೇಕು ಎಂದು ತೀರ್ಮಾನಿಸಿತು. 2018ರಲ್ಲಿ 50 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಶಾಸನಸಭೆಯವರು ಆ ವಾಕ್ಯವನ್ನು ತಿದ್ದಿ ಕೆಲಸಕೆಲಸಕ್ಕೂ ಅರ್ಧವಿರಾಮವನ್ನು ಇಟ್ಟು, ‘ಡಿಸ್ಟ್ರಿಬ್ಯೂಷನ್’ ಎಂಬುದನ್ನು ‘ಡಿಸ್ಟ್ರಿಬ್ಯೂಟಿಂಗ್’ ಎಂದು ಮಾಡಿದರು. ಚಿಹ್ನೆಯನ್ನು ಮಾತ್ರವಲ್ಲದೆ ಪ್ರತ್ಯಯವನ್ನೂ ತಿದ್ದಿದುದು ಚಾಲಕರ ವ್ಯಾಕರಣಕ್ಕೆ ಸಂದ ಮರ್ಯಾದೆಯೆಂದೇ ಹೇಳಬೇಕು.

ಇಷ್ಟರಿಂದ ಆ ಚಿಹ್ನೆಯು ಎಲ್ಲೆಲ್ಲಿಯೂ ರಕ್ಷಕವೆಂದು ಅದರ ಭಕ್ತರು ಹೇಳುವುದು ಅತಿಶಯೋಕ್ತಿ. ‘ಮೈ ಅಂಕಲ್ಸ್, ದಿ ಪ್ಲೀಡರ್ ಅಂಡ್ ದಿ ಡಾಕ್ಟರ್’ ಎಂದು ಬರೆದರೆ ವಕೀಲರೂ ವೈದ್ಯರೂ ಮಾವಂದಿರೇ ಆಗಿಬಿಡುತ್ತಾರೆ. ‘ಅಂಡ್’ ಎಂಬುದರ ಹಿಂದೆ ಅಲ್ಪವಿರಾಮವಿಟ್ಟರೆ ಬೇರೆಯಾಗುತ್ತಾರೆ. ಮಾವನು ಒಬ್ಬನೇ ಆಗಿ, ‘ಮೈ ಅಂಕಲ್, ದಿ ಪ್ಲೀಡರ್, ಅಂಡ್ ದಿ ಡಾಕ್ಟರ್’ ಎಂದಾದರೆ ಅದೇ ಚಿಹ್ನೆಯಿಂದ ಮಾವನೇ ವಕೀಲನೋ, ವಕೀಲನು ಮೂರನೆಯವನೋ ಎಂಬ ಹೊಸ ಸಂದೇಹವು ಹುಟ್ಟುತ್ತದೆ. ಇಲ್ಲಿ ಚಿಹ್ನೆಯನ್ನು ಬೈಯುವುದಕ್ಕಿಂತ ಪದಗಳ ಕ್ರಮವನ್ನು ಬದಲಾಯಿಸುವುದು ಲೇಸು. 2020ರಲ್ಲಿ ಇಂಗ್ಲೆಂಡಿನ 50 ಪೆನ್ನಿಯ ನಾಣ್ಯದ ಮೇಲೆ ಶಾಂತಿ, ಸಮೃದ್ಧಿ, ಮೈತ್ರಿಗಳನ್ನು ಹೇಳುವಲ್ಲಿ ಈ ಚಿಹ್ನೆಯಿಲ್ಲವೆಂದು ಕಾದಂಬರಿಕಾರ ಫಿಲಿಪ್ ಪುಲ್‌ಮನ್ನನು ಆ ನಾಣ್ಯವನ್ನು ಬಹಿಷ್ಕರಿಸಬೇಕೆಂದನು. ಅಷ್ಟು ಕೋಪಕ್ಕೆ ಅಲ್ಲಿ ಕಾರಣವಿಲ್ಲ, ಅರ್ಥವು ಕೆಟ್ಟಿಲ್ಲ. ಭಾರತದ ಸಂವಿಧಾನದ ಇಂಗ್ಲಿಷು ಪೀಠಿಕೆಯಲ್ಲಿಯೂ ಶ್ರದ್ಧೆಗೂ ಉಪಾಸನೆಗೂ ನಡುವೆ ಈ ಚಿಹ್ನೆಯಿಲ್ಲ, ಯಾರಿಗೂ ತೊಡಕಾಗಿಲ್ಲ. ಆದರೂ ಸಂದೇಹ ಬರುವ ಜಾಗವು ಬರೆಯುವವನಿಗೆ ಮುಂಚಿತವಾಗಿ ಕಾಣುವುದಿಲ್ಲವಾದುದರಿಂದ, ಹಾಕುವುದನ್ನೇ ವಾಡಿಕೆ ಮಾಡಿಕೊಂಡವನಿಗೆ ಅಪಾಯ ಕಡಿಮೆ. ಹಾಕಿದ ಹುಡುಗನ ಅಂಕವನ್ನು ಕಳೆಯುವ ಉಪಾಧ್ಯಾಯರಿಗೆ ಯಾವ ಶಾಸ್ತ್ರದ ಆಧಾರವೂ ಇಲ್ಲ.

ಕನ್ನಡದ ಮಾತು ಬೇರೆ. ‘ಅಕ್ಕಿಯೂ ಬೇಳೆಯೂ ಬೆಲ್ಲವೂ’ ಎಂಬಲ್ಲಿ ಸಮುಚ್ಚಯವು ಪ್ರತಿಯೊಂದು ಪದದ ಮೈಯಲ್ಲಿಯೇ ಇದೆ; ಸ್ಪೆನ್ಸರನು ಬೇಡಿದ ಸಮಾನತೆಯು ಯಾವ ಚಿಹ್ನೆಯ ಹಂಗೂ ಇಲ್ಲದೆ ಸಿದ್ಧವಾಗಿದೆ. ಇದನ್ನು ಬಿಟ್ಟು ‘ಅಕ್ಕಿ, ಬೇಳೆ ಮತ್ತು ಬೆಲ್ಲ’ ಎಂದು ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ಯುವ ಪದ್ಧತಿಯು ಕಛೇರಿಯ ಕಾಗದಗಳಿಂದ ಪಾಠಪುಸ್ತಕಗಳವರೆಗೆ ಹಬ್ಬಿದೆ. ಎರವಲು ತಂದ ಕಟ್ಟಡದೊಡನೆ ಅದರ ಬಿರುಕೂ ಬರುತ್ತದೆ. ಮೇನ್ ಸಂಸ್ಥಾನದ ಆ ಸಾಲನ್ನೇ ‘ಸಾಗಾಣಿಕೆ ಅಥವಾ ವಿತರಣೆಗಾಗಿ ಕಟ್ಟುವುದು’ ಎಂದು ಕನ್ನಡಿಸಿದರೆ, ಸಾಗಾಣಿಕೆಯು ತಾನೇ ಒಂದು ಕೆಲಸವೋ, ಕಟ್ಟುವುದರ ಉದ್ದೇಶವೋ ಎಂಬ ಹೊಸ ವ್ಯಾಜ್ಯಕ್ಕೆ ಎಡೆಯಾಗುತ್ತದೆ. ‘ಸಾಗಾಣಿಕೆಗಾಗಲಿ ವಿತರಣೆಗಾಗಲಿ ಕಟ್ಟುವುದು’ ಎಂದರೆ ಚಾಲಕರು ಗೆದ್ದರು. ‘ಸಾಗಾಣಿಕೆಗೆ ಕಟ್ಟುವುದಾಗಲಿ ವಿತರಿಸುವುದಾಗಲಿ’ ಎಂದರೆ ಡೈರಿಯವರು ಗೆದ್ದರು. ಎರಡರಲ್ಲಿಯೂ ಅಲ್ಪವಿರಾಮವಿಲ್ಲ, ವಕೀಲರಿಗೂ ಕೆಲಸವಿಲ್ಲ.